ಲೂಸಿಯಾ ಕಾಫಿಗೆ ಬಾರದವಳು

ನಲವತ್ತು ಸೆಕೆಂಡ್!

ಬಾಗಿಲ ಮೇಲಿನ ಕೆಂಪು ಅಂಕಿ ಅದನ್ನೇ ಹೇಳುತ್ತಿತ್ತು. ನಲವತ್ತು ಮುಗಿದರೆ ಛಾವಣಿಯ ನಳಿಕೆಗಳಿಂದ ಗ್ಯಾಸ್ ಬರುತ್ತದೆ. ಬೆಂಕಿ ಆರಿಸುವ ಗ್ಯಾಸ್. ಬೆಂಕಿಗೆ ಉಸಿರು ಕಟ್ಟಿಸುವುದು ಅದರ ಕೆಲಸ. ಒಳಗೆ ಮನುಷ್ಯರಿದ್ದರೆ ಅವರಿಗೂ ಅದೇ ಉಪಚಾರ... ಭೇದಭಾವವಿಲ್ಲ!

ಬೆಂಕಿ ಎಲ್ಲೂ ಇರಲಿಲ್ಲ. ಮನುಷ್ಯರು ಅಂತ ಇದ್ದವಳು ನಾನೊಬ್ಬಳೇ.

ಬಾಗಿಲು ತಳ್ಳಿದೆ. ಅಲುಗಲಿಲ್ಲ. ಹೊರಗಿನಿಂದ ಬೀಗ ಬಿದ್ದಿತ್ತು.

"ರೂನೆ! ಬಾಗಿಲು ತೆಗಿಯೋ! ನಾನು ಒಳಗಿದೀನಿ!"

ದಪ್ಪ ಗಾಜಿನ ಆಚೆ ಸೆಕ್ಯುರಿಟಿ ರೂನೆಯ ಮುಖ ಕಂಡಿತು. ಆರೂವರೆ ಅಡಿ ಆಳು. ತಲೆ ಮಾತ್ರ ಅಷ್ಟು ಎತ್ತರಕ್ಕೆ ಹೋಗುವಷ್ಟರಲ್ಲಿ ಖಾಲಿಯಾಗಿತ್ತು.

"ಅಲಾರಂ ಆಗಿದೆ, ಗೋರೆಲ್! ಅಲಾರಂ ಆದಾಗ ಬಾಗಿಲು ತೆಗೀಬಾರದು ಅಂತ ರೂಲ್ಸ್ ಇದೆ!"

"ಒಳಗೆ ಜನ ಇದ್ರೂನಾ?"

ಅವನು ಯೋಚಿಸಿದ. ಪಾಪ, ನಿಜವಾಗಿಯೂ ಯೋಚಿಸಿದ. ನನ್ನ ಐದು ಸೆಕೆಂಡ್ ತಿಂದ.

"ಅದು ಬರೆದಿಲ್ಲ... ಇರು, ಬಾಸ್ ಸ್ಟಾಫನ್‌ನ ಫೋನಲ್ಲಿ ಕೇಳ್ಕೊಂಡು ಬರ್ತೀನಿ!"

ಹೋದ! ನನ್ನಾಣೆ, ಹೋಗಿಯೇ ಬಿಟ್ಟ!

ಇಪ್ಪತ್ತೊಂಬತ್ತು.

ಫೋನ್ ಇರಲಿಲ್ಲ. ಸರ್ವರ್ ಹಾಲ್‌ಗೆ ಹೋಗುವವರು ಫೋನನ್ನು ಬಾಗಿಲ ಬಳಿಯ ಡಬ್ಬಿಗೆ ಹಾಕಬೇಕು. ಅದೂ ರೂಲ್ಸ್. ಕೋಟೂ ಹೊರಗೇ. ಕೈಯಲ್ಲಿ ಒಂದು ಹಾಳೆ, ಹೊಟ್ಟೆಯಲ್ಲಿ ಬೆಳಗ್ಗೆ ಆರು ಗಂಟೆಯ ಅರ್ಧ ಬ್ರೆಡ್ಡು. ವಯಸ್ಸು ಐವತ್ತನಾಲ್ಕು, ಎಡಮಂಡಿ ನನ್ನ ಮಾತು ಕೇಳದೆ ಮೂರು ವರ್ಷವಾಗಿದೆ. ಇಷ್ಟೇ ನನ್ನ ಬಂಡವಾಳ.

ಆದರೆ ಒಂದು ವಿಷಯ ನನಗೆ ಗೊತ್ತಿತ್ತು. ಸರ್ವರ್ ಹಾಲ್‌ಗಳ ನೆಲ ಟೊಳ್ಳು. ಕೆಳಗೆ ಕೇಬಲ್ ಹೋಗಬೇಕಲ್ಲ! ಗೋಡೆಯಲ್ಲಿ ನೆಲದ ಹಾಸುಗಳನ್ನು ಅಂಟಿಸಿ ಎತ್ತುವ ರಬ್ಬರಿನ ಹಿಡಿ ನೇತಾಡುತ್ತಿತ್ತು. ಕಿತ್ತುಕೊಂಡೆ. ನೆಲಕ್ಕೆ ಒತ್ತಿದೆ. ಎಳೆದೆ. ಒಂದು ಹಾಸು ಮೇಲೆದ್ದಿತು.

ಹನ್ನೊಂದು.

ಹಾಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡು ಕೆಳಗೆ ಇಳಿದೆ. ಇಳಿದೆ ಅನ್ನುವುದು ಮರ್ಯಾದೆಯ ಮಾತು... ಬಿದ್ದೆ. ಕೇಬಲ್‌ಗಳ ಮೇಲೆ ಹೊಟ್ಟೆ ಎಳೆದುಕೊಂಡು, ಚಳಿಗಾಳಿ ಎತ್ತಲಿಂದ ಬರುತ್ತಿತ್ತೋ ಅತ್ತ ತೆವಳಿದೆ. ತಲೆಯ ಮೇಲೆ ಗ್ಯಾಸ್ ಭೋರ್ ಎಂದು ನುಗ್ಗಿತು. ಕಿವಿ ಗುಂಯ್ ಅಂದಿತು. ಎದುರಿಗೆ ತಗಡಿನ ಮುಚ್ಚಳ ಸಿಕ್ಕಿತು. ಒಳ್ಳೆಯ ಕಾಲಲ್ಲಿ ಒದ್ದೆ. ಮೂರನೇ ಒದೆಗೆ ಅದು ಹಾರಿತು. ನಾನು ಹಿಮದೊಳಕ್ಕೆ ಉರುಳಿದೆ.

ಮೈನಸ್ ಇಪ್ಪತ್ತೊಂಬತ್ತು ಡಿಗ್ರಿ. ಮೈಮೇಲೆ ಸ್ವೆಟರ್ ಮಾತ್ರ.

ಬದುಕಿದ್ದೆ. ಸಿಟ್ಟು ಬಂದಿದ್ದು ಆಗ!

*

ನಿಮಗೆ ಮೊದಲಿಂದ ಹೇಳಬೇಕು. ಹೇಳುತ್ತೇನೆ, ಆದರೆ ಬೇಗ.

ನನ್ನ ಕೆಲಸ ಸಾವಿನ ತನಿಖೆ. ಮನುಷ್ಯರದಲ್ಲ, ಮೆಷಿನ್‌ಗಳದ್ದು. ಯಾವುದೋ ಕಂಪನಿಯ ಕಂಪ್ಯೂಟರ್ ವ್ಯವಸ್ಥೆ ನಡುಹಗಲಲ್ಲಿ ಸತ್ತುಬಿದ್ದರೆ ನನ್ನನ್ನು ಕರೆಯುತ್ತಾರೆ. ಯಾರು ಕೊಂದರು ಅಂತ ಹುಡುಕಿ ಕೊಡಬೇಕು. ಕರೆದವರೇ ಕೊಂದಿರುತ್ತಾರೆ, ಹತ್ತಕ್ಕೆ ಏಳು ಸಲ. ಆದರೂ ಕರೆಯುತ್ತಾರೆ. ಮನುಷ್ಯರ ಸ್ವಭಾವ ನನಗೆ ಇನ್ನೂ ಅರ್ಥವಾಗಿಲ್ಲ, ಆಗುವ ಆಸೆಯೂ ಇಲ್ಲ.

ಈ ಸಲ ಕರೆದದ್ದು ಎಲ್ವ್‌ಗ್ಲೂಡ್ ಕಂಪನಿ. ಸ್ವೀಡನ್ನಿನ ಉತ್ತರ ತುದಿಯ ಗ್ರಾನ್‌ಸೆಲ್ ಎಂಬ ಪಟ್ಟಣಕ್ಕೆ ಬಿಸಿನೀರು ಕಳಿಸುವವರು. ಒಂದೇ ಸ್ಥಾವರ, ಅಲ್ಲಿಂದ ಊರ ಪ್ರತಿ ಮನೆಯ ಗೋಡೆಯೊಳಗೂ ಬಿಸಿನೀರಿನ ಪೈಪು. ಪಂಪುಗಳನ್ನು ನಡೆಸುವುದು ಒಂದು ಕಂಪ್ಯೂಟರ್. ಎಲ್ಲರೂ ಅದನ್ನು ಮುದುಕ ಅನ್ನುತ್ತಿದ್ದರು. ಮುದುಕನ ಜಾಗಕ್ಕೆ ಹೊಸಬ ತಯಾರಾಗಿ ಕೂತಿದ್ದ. ಮುಂದಿನ ವಾರ ಕೆಲಸ ಬದಲಾಗಬೇಕಿತ್ತು.

ನಿನ್ನೆ, ಗುರುವಾರ, ಡಿಸೆಂಬರ್ ಹದಿಮೂರು. ಲೂಸಿಯಾ ಹಬ್ಬ. ಮಧ್ಯಾಹ್ನ ಎರಡೂವರೆಗೆ ಇಡೀ ಕಂಪನಿ ಕಾಫಿ ಕೋಣೆಯಲ್ಲಿ ನೆರೆದಿತ್ತು. ಬಿಳಿ ನಿಲುವಂಗಿ, ಮೇಣದ ಬತ್ತಿ, ಕೇಸರಿ ಬನ್ನು, ಹಾಡು. ಹಾಡಿಸುತ್ತಿದ್ದವನು ತಾಂತ್ರಿಕ ಮುಖ್ಯಸ್ಥ ಸ್ಟಾಫನ್, ತಲೆಗೆ ನಕ್ಷತ್ರ ಅಂಟಿಸಿದ ಚೂಪು ಕಾಗದದ ಟೋಪಿ ಇಟ್ಟುಕೊಂಡು. ಎರಡನೇ ಹಾಡಿನ ನಡುವೆ ಮುದುಕ ಅಳಿಸಿಹೋದ.

ನಿಂತದ್ದಲ್ಲ. ಕೆಟ್ಟದ್ದಲ್ಲ. ಅಳಿಸಿಹೋದ! ಯಾರೋ 'ಇವನನ್ನು ಅಳಿಸು' ಅಂದಿದ್ದರು, ಅಳಿಸಲಾಯಿತು. ಪಂಪುಗಳು ನಿಂತವು. ಏಳು ಸಾವಿರ ಮನೆ ಐದು ಗಂಟೆ ಕಾಲ ತಣ್ಣಗಾದವು. ನಕಲು ಪ್ರತಿಯಿಂದ ಮುದುಕನನ್ನು ಮತ್ತೆ ಎಬ್ಬಿಸುವಷ್ಟರಲ್ಲಿ ಜನ ಹಾಸಿಗೆಯೊಳಗೆ ಬೂಟು ಹಾಕಿಕೊಂಡು ಮಲಗಿದ್ದರು.

ಇಂದು ಹನ್ನೆರಡೂವರೆಗೆ ನಾನು ಬಂದಾಗ ತೀರ್ಪು ಆಗಲೇ ತಯಾರಿತ್ತು. ಸ್ಟಾಫನ್ ನುಣ್ಣನೆ ದನಿಯವನು. ಕೈಯಿಂದ ಹೆಣೆದ ಸ್ವೆಟರ್, ಯಾರನ್ನೂ ನೋಯಿಸದ ಮುಖ. ಅಂಥವರನ್ನು ಕಂಡರೆ ನಾನು ಪರ್ಸು ಮುಟ್ಟಿ ನೋಡಿಕೊಳ್ಳುತ್ತೇನೆ.

"ನಮ್ಮಲ್ಲಿ ಮೂವತ್ನಾಲ್ಕು ಜನ, ಗೋರೆಲ್. ಅಳಿಸೋ ಅಧಿಕಾರ ಎಲ್ಲರಿಗೂ ಇದೆ. ಒಂದೇ ಕೀಲಿ, ಎಲ್ಲರೂ ಬಳಸ್ತೀವಿ."

"ಒಂದೇ ಕೀಲಿ? ಮೂವತ್ನಾಲ್ಕು ಜನಕ್ಕೆ?"

"ನಾವು ಜನರನ್ನ ನಂಬ್ತೀವಿ."

"ನಂಬಿ ಏನಾಯ್ತು?"

ಅವನು ನಿಟ್ಟುಸಿರು ಬಿಟ್ಟ. "ಎರಡೂವರೆಗೆ ನನ್ನೂ ಸೇರಿಸಿ ಮೂವತ್ಮೂರು ಜನ ಕಾಫಿ ಕುಡೀತಿದ್ರು. ಕಾಫಿ ಕೋಣೆಯ ಮೈಬ್ರಿಟ್ ಕಪ್ಪುಗಳನ್ನ ಎಣಿಸಿದಾಳೆ. ಬಾರದೇ ಇದ್ದವಳು ಒಬ್ಬಳೇ. ಇಲ್ವಾ."

ಕಾಫಿಗೆ ಬಾರದವಳು! ಅಷ್ಟೇ ಸಾಕ್ಷಿ! ಈ ದೇಶದಲ್ಲಿ ಅದು ಸಾಕಾಗುತ್ತದೆ ಕೂಡ. ಬ್ಯಾಂಕು ದೋಚಿ, ಜನ ಕ್ಷಮಿಸಬಹುದು. ಕೆಲಸದ ಜಾಗದಲ್ಲಿ ಕಾಫಿ ಬಿಟ್ಟು ಒಬ್ಬರೇ ಕೂತಿರಿ... ನಿಮ್ಮ ತಲೆ ಸರಿ ಇಲ್ಲ ಅಂತ ಅವತ್ತೇ ತೀರ್ಮಾನ.

"ಇಂದು ಮೂರು ಗಂಟೆಗೆ ಅವಳು ರಾಜೀನಾಮೆಗೆ ಸಹಿ ಹಾಕ್ತಾಳೆ," ಅಂದ ಸ್ಟಾಫನ್. "ಹಾಕದಿದ್ರೆ ಪೊಲೀಸ್ ಕಂಪ್ಲೇಂಟು. ನನಗೂ ಬೇಜಾರೇ. ನಿನ್ನ ವರದಿ ಮೂರರೊಳಗೆ ಸಿಕ್ಕಿದ್ರೆ ಅನುಕೂಲ."

"ಹೊಸ ಮೆಷಿನ್ ಕತೆ ಏನು?"

"ಮುಂದೂಡಿದೀವಿ. ರಜೆ ಎಲ್ಲ ಮುಗಿದ ಮೇಲೆ, ವಾರ ಎರಡಕ್ಕೆ. ಅದರ ವ್ಯವಸ್ಥೆ ಈಗ ತಾನೇ ಮಾಡಿ ಬಂದೆ."

ಆಗ ಗಂಟೆ ಹನ್ನೆರಡು ನಲವತ್ತು. ನಾನು ಆ ಮಾತಿಗೆ ಕಿವಿ ಕೊಡಲಿಲ್ಲ. ನನ್ನ ತಪ್ಪು.

ಇಲ್ವಾಳನ್ನು ನೋಡಿದೆ. ಮೂವತ್ತೊಂದು ವಯಸ್ಸು, ಉಗುರು ಕಚ್ಚಿ ಕಚ್ಚಿ ಬೆರಳ ತುದಿಯೆಲ್ಲ ಕೆಂಪು. ರಾತ್ರಿ ಮಲಗಿರಲಿಲ್ಲ.

"ನಿನ್ನೆ ಎರಡೂವರೆಗೆ ಎಲ್ಲಿದ್ದೆ?"

"ನನ್ನ ಕಾರಲ್ಲಿ. ಚೀಸ್ ಬ್ರೆಡ್ ತಿಂತಾ."

"ಯಾಕೆ?"

"ಸ್ಟಾಫನ್ ಆ ಟೋಪಿ ಹಾಕ್ಕೊಂಡು ಹಾಡೋದು ನೋಡಕ್ಕಾಗಲ್ಲ ನನಗೆ."

ಹುಡುಗಿ ಅಲ್ಲೇ ನನಗೆ ಹಿಡಿಸಿದಳು.

"ನೀನು ಅಳಿಸಿದ್ಯಾ?"

"ಅಳಿಸಿದ್ರೆ ಹೇಳ್ತಿದ್ದೆ! ಎರಡು ವರ್ಷದಿಂದ ಬಾಯಿ ಬಡ್ಕೊಳ್ತಿದೀನಿ ಇಲ್ಲಿ. ಈ ಎಪಿಐ ಇದೆಯಲ್ಲ, ಅದು ಬಾಗಿಲಲ್ಲಿ ಕೂತಿರೋ ಗುಮಾಸ್ತ ಇದ್ದ ಹಾಗೆ. ಮೆಷಿನ್ ಬೇಕು, ಮೆಷಿನ್ ಬೇಡ, ದೊಡ್ಡದು ಮಾಡು, ಅಳಿಸು... ಏನೇ ಬದಲಾವಣೆ ಬೇಕಿದ್ರೂ ಚೀಟಿ ಬರೆದು ಕೊಡಬೇಕು. ಆದ್ರೆ ನಮ್ಮ ಗುಮಾಸ್ತನಿಗೆ ಕಣ್ಣಿಲ್ಲ. ಚೀಟೀಲಿ ಏನು ಬರೆದರೂ ನುಂಗ್ತಾನೆ. 'ನಾಯಿ' ಅಂತ ಬರೆದು ಕೊಡು, ಅದನ್ನೂ ನುಂಗ್ತಾನೆ!"

"ನೀನೇನು ಮಾಡಬೇಕು ಅಂದೆ?"

"ಪ್ರತಿ ಬದಲಾವಣೆಗೂ ಒಂದು ಟೈಪ್ ಕಟ್ಟಬೇಕು ಅಂದೆ. ಅಳಿಸೋದಕ್ಕೆ ಬೇರೆ ಚೀಟಿ, ಬೆಳೆಸೋದಕ್ಕೆ ಬೇರೆ ಚೀಟಿ. ತಾರೀಕಿನ ಜಾಗದಲ್ಲಿ ತಾರೀಕೇ ಇರಬೇಕು. ಮೆಷಿನ್ ಕೆಲಸದಲ್ಲಿದೆಯಾ, ಪರೀಕ್ಷೆಗಿಟ್ಟದ್ದಾ, ಹೇಳಲೇಬೇಕು. ಕೇಳಿದವರು ಯಾರು, ಒಪ್ಪಿದವರು ಯಾರು, ಎರಡು ಹೆಸರು. ಒಂದು ಕಮ್ಮಿ ಇದ್ರೂ ಬಾಗಿಲು ತೆಗೆಯಲ್ಲ. ಪೂರ್ತಿ ಬರೆದು ಇಟ್ಟಿದೀನಿ. ಓಡಿಸಿದ್ರೆ ಒಂದು ನಿಮಿಷದ ಕೆಲಸ."

"ಯಾಕೆ ಓಡಿಸಿಲ್ಲ?"

"ಹಳೇ ಗುಮಾಸ್ತನ್ನ ಕಟ್ಟಿದ್ದು ಸ್ಟಾಫನ್. ಹನ್ನೆರಡು ವರ್ಷದ ಹಿಂದೆ. ಪ್ರತಿ ಸಲ ಹೇಳಿದಾಗಲೂ 'ನಾವು ಜನರನ್ನ ನಂಬ್ತೀವಿ' ಅಂತಾನೆ. ಎಲ್ಲರೂ ತಲೆ ಆಡಿಸ್ತಾರೆ. ಆಮೇಲೆ ಬನ್ನು ತಿಂತಾರೆ."

ಆ ಚೀಟಿಗಳ ಪಟ್ಟಿ ಎಲ್ಲಿ ಸಿಗುತ್ತದೆ ಅಂತ ಕೇಳಿದೆ. ಸರ್ವರ್ ಹಾಲ್‌ನ ತೆರೆಯಲ್ಲಿ ಮಾತ್ರ. ಸ್ಟಾಫನ್ ಕೊಟ್ಟ ಕಾಗದದಲ್ಲಿ ಅದಿರಲಿಲ್ಲ. 'ಎರಡೂವರೆಗೆ ಅಳಿಸಲಾಯಿತು' ಅನ್ನುವ ಒಂದು ಸಾಲು ಮಾತ್ರ ಇತ್ತು. ಅಲ್ಲಿಗೆ ಹೋಗುವುದು ದಂಡ ಅಂದಿದ್ದ. ಯಾರಾದರೂ ದಂಡ ಅಂದರೆ ನನಗೆ ಕಾಲು ತುರಿಸುತ್ತದೆ. ಊಟ ಬಿಟ್ಟು ಹೋದೆ.

*

ಹಾಲ್‌ನಲ್ಲಿ ಪಟ್ಟಿ ತೆರೆದೆ. ಮೇಲಿನಿಂದ ಕೆಳಗೆ ಓದಿದೆ. ಹೆಸರುಗಳಿಲ್ಲ, ಎಲ್ಲರದ್ದೂ ಒಂದೇ ಕೀಲಿ ತಾನೇ. ನಿನ್ನೆ ಮಧ್ಯಾಹ್ನ ಯಾರೂ ಚೀಟಿ ಹಾಕಿರಲಿಲ್ಲ. ಒಂದೂ ಇಲ್ಲ!

ಹಿಂದೆ ಹೋದೆ. ಬುಧವಾರ, ಏನಿಲ್ಲ. ಮಂಗಳವಾರ ಹನ್ನೊಂದೂವರೆಗೆ ಒಂದು ಚೀಟಿ ಇತ್ತು. ಮುದುಕನನ್ನು ಅಳಿಸು. ಯಾವಾಗ ಅನ್ನುವ ಜಾಗದಲ್ಲಿ ಬರೀ ಒಂದು ಅಂಕಿ.

51.

ನಾನು ಇದೇ ದೇಶದಲ್ಲಿ ಹುಟ್ಟಿ ಬೆಳೆದವಳು. ಐವತ್ತೊಂದು ಅಂದರೆ ನನಗೂ ಮೊದಲು ಹೊಳೆದದ್ದು ವಾರವೇ. ವರ್ಷದ ಐವತ್ತೊಂದನೇ ವಾರ, ಕ್ರಿಸ್‌ಮಸ್‌ಗೆ ಮುಂಚಿನದು. ನಮ್ಮಲ್ಲಿ ತಾರೀಕು ಹೇಳುವುದು ಹೊರಗಿನವರ ಹತ್ತಿರ ಮಾತ್ರ. ರಜೆ, ಮದುವೆ, ಹಲ್ಲು ಕೀಳಿಸುವುದು, ಎಲ್ಲಕ್ಕೂ ವಾರದ ನಂಬರು. ನನ್ನ ಗಂಡ ಬಿಟ್ಟುಹೋಗುವಾಗಲೂ ವಾರ ಮೂವತ್ತರೊಳಗೆ ಸಾಮಾನು ಒಯ್ಯುತ್ತೇನೆ ಅಂದಿದ್ದ. ಯಾರೋ ಪ್ರಾಮಾಣಿಕವಾಗಿ ಮುದುಕನನ್ನು ವಾರ ಐವತ್ತೊಂದಕ್ಕೆ, ಹೊಸಬ ಬಂದ ಮೇಲೆ, ಅಳಿಸು ಅಂತ ಬರೆದಿದ್ದರು.

ಆದರೆ ಗುಮಾಸ್ತನಿಗೆ ವಾರ ಗೊತ್ತಾ?

ಬೆರಳು ಮಡಿಸಿದೆ. ಮಂಗಳವಾರ ಹನ್ನೊಂದೂವರೆಯಿಂದ ಗುರುವಾರ ಹನ್ನೊಂದೂವರೆಗೆ ನಲವತ್ತೆಂಟು ಗಂಟೆ. ಅಲ್ಲಿಂದ ಎರಡೂವರೆಗೆ ಮೂರು.

ಐವತ್ತೊಂದು ಗಂಟೆ!

ಹನ್ನೆರಡು ವರ್ಷದ ಹಿಂದೆ ಸ್ಟಾಫನ್ ಅದನ್ನು ಗಂಟೆಯ ಲೆಕ್ಕಕ್ಕೆ ಕಟ್ಟಿದ್ದ. ಆಮೇಲೆ ಮರೆತಿದ್ದ. ಯಾರೂ ಕೇಳಲಿಲ್ಲ, ಅದೂ ಹೇಳಲಿಲ್ಲ.

ಗೋಡೆಯ ಇಂಟರ್‌ಕಾಮ್ ಎತ್ತಿದೆ. "ಸ್ಟಾಫನ್, ಮಂಗಳವಾರ ಹನ್ನೊಂದೂವರೆಗೆ ಮುದುಕನ ಮೇಲೆ ಐವತ್ತೊಂದು ಅಂತ ಚೀಟಿ ಹಾಕಿದ್ದು ಯಾರು?"

ಆ ಕಡೆ ಕುರ್ಚಿ ಸರಿದ ಸದ್ದಾಯಿತು.

"...ಅಲ್ಲೇ ಇರು, ಗೋರೆಲ್. ಬಂದೆ."

ಉತ್ತರ ಸಿಕ್ಕಿತು ಅಂದುಕೊಂಡೆ. ಪಟ್ಟಿಯನ್ನು ಪ್ರಿಂಟ್ ಹಾಕಿದೆ. ಹಾಳೆ ಹೊರಗೆ ಬಂತು. ಕೊನೆಯ ಸಾಲು ಕಣ್ಣಿಗೆ ಬಿತ್ತು. ಇಂದು, ಹನ್ನೆರಡು ಮೂವತ್ತೆರಡು. ಮುದುಕನನ್ನು ಅಳಿಸು. ಯಾವಾಗ...

2.

ಅದರ ವ್ಯವಸ್ಥೆ ಈಗ ತಾನೇ ಮಾಡಿ ಬಂದೆ ಅಂದಿದ್ದನಲ್ಲ ಪುಣ್ಯಾತ್ಮ! ವಾರ ಎರಡಲ್ಲ, ಗಂಟೆ ಎರಡು! ಹನ್ನೆರಡು ಮೂವತ್ತೆರಡಕ್ಕೆ ಎರಡು ಸೇರಿಸಿದರೆ ಎರಡು ಮೂವತ್ತೆರಡು. ಗೋಡೆ ಗಡಿಯಾರ ಎರಡು ಹತ್ತು ತೋರಿಸುತ್ತಿತ್ತು.

ಬರುತ್ತೇನೆ ಅಂದ ಸ್ಟಾಫನ್ ಬರಲಿಲ್ಲ. ಕೆಂಪು ದೀಪ ಬಂತು. ಸೈರನ್ ಬಂತು. ನಲವತ್ತು ಅನ್ನುವ ಅಂಕಿ ಬಂತು.

ಗ್ಯಾಸ್ ಬಿಟ್ಟರೆ ಹಾಲ್‌ಗೆ ಆರು ಗಂಟೆ ಯಾರೂ ಹೋಗುವಂತಿಲ್ಲ. ಪಟ್ಟಿಯನ್ನು ಯಾರೂ ನೋಡುವಂತಿಲ್ಲ. ಮೂರಕ್ಕೆ ಸಹಿ ಆಗಿಬಿಡುತ್ತದೆ. ಕಚೇರಿಯಿಂದ ಅಲಾರಂ ಒತ್ತಿದ್ದು ತಾನೇ, ಆದರೆ ಗೋರೆಲ್ ಓಡಿ ಹೊರಗೆ ಬಂದಿರುತ್ತಾಳೆ ಅಂದುಕೊಂಡಿದ್ದೆ, ರೂನೆ ಬೀಗ ಹಾಕಿರುವುದು ಗೊತ್ತಿರಲಿಲ್ಲ ಅಂತ ಸ್ಟಾಫನ್ ಆಮೇಲೆ ಹೇಳಿದ. ಇರಬಹುದು. ನಂಬದಿರಲು ನನಗೂ ಹಕ್ಕಿದೆ.

*

ಹಿಮದಿಂದ ಎದ್ದೆ. ಎರಡು ಹದಿನೈದು ಆಗಿರಬೇಕು. ಉತ್ತರ ತುದಿಯ ಡಿಸೆಂಬರ್ ಅಲ್ಲವೇ, ಮಧ್ಯಾಹ್ನಕ್ಕೇ ಕತ್ತಲು, ಬೀದಿ ದೀಪ ಆಗಲೇ ಹತ್ತಿತ್ತು. ಕಚೇರಿ ಕಟ್ಟಡ ಅಂಗಳದ ಆ ತುದಿಗೆ, ಮಂಜುಗಟ್ಟಿದ ರಸ್ತೆಯ ಮೇಲೆ ಏಳುನೂರು ಮೀಟರ್. ಇಲ್ವಾ ಅಲ್ಲಿದ್ದಳು. ಸ್ಟಾಫನ್ ಅಲ್ಲಿದ್ದ. ಮುದುಕನ ಜೀವ ಉಳಿಸುವ ಕಂಪ್ಯೂಟರ್ ಕೂಡ ಅಲ್ಲೇ.

"ಗೋರೆಲ್! ನಿಲ್ಲು!"

ರೂನೆ! ಮೂಲೆ ತಿರುಗಿ ಬರುತ್ತಿದ್ದ. ಮೊಳೆ ಟೈರಿನ ಸೈಕಲ್ ಮೇಲೆ.

"ಸ್ಟಾಫನ್ ಹೇಳಿದಾನೆ, ಹಾಳೆ ಹೊರಗೆ ಹೋಗಬಾರದು ಅಂತ! ಕೊಡು!"

"ನಾನು ಸಾಯ್ತಿದ್ದೆ ಕಣೋ ಒಳಗೆ!"

"ಅದಕ್ಕೆ ಬೇರೆ ಫಾರಂ ಇದೆ! ಮೊದಲು ಹಾಳೆ ಕೊಡು!"

ಗೋಡೆಗೆ ಒರಗಿಸಿದ ಒಂದು ಒದೆಗಾಡಿ ಕಂಡಿತು, ನಮ್ಮಲ್ಲಿ ಸ್ಪಾರ್ಕ್ ಅನ್ನುತ್ತಾರೆ. ಉಕ್ಕಿನ ಎರಡು ಉದ್ದ ಪಟ್ಟಿ, ಮುಂದೆ ಕುರ್ಚಿ, ಹಿಂದೆ ನಿಂತು ಒಂದು ಕಾಲಲ್ಲಿ ನೆಲ ಒದೆಯುತ್ತಾ ಜಾರುವ ಗಾಡಿ. ಕಾಫಿ ಕೋಣೆಯ ಮೈಬ್ರಿಟ್‌ಳದ್ದು, ಹಿಡಿಗೆ ಅವಳ ಕೆಂಪು ಚೀಲ ನೇತಾಡುತ್ತಿತ್ತು. ಹತ್ತಿದೆ. ಒದ್ದೆ.

ನೀವು ಸಿನಿಮಾದಲ್ಲಿ ಕಾರ್ ಚೇಸ್ ನೋಡಿರುತ್ತೀರಿ. ಇದು ಹಾಗಿರಲಿಲ್ಲ. ಐವತ್ತನಾಲ್ಕರ ಹೆಂಗಸು ಕುರ್ಚಿಯ ಹಿಂದೆ ನಿಂತು ಒದೆಯುತ್ತಿದ್ದಳು, ಹಿಂದೆ ನೂರ ಹತ್ತು ಕೆಜಿಯ ಗಂಡಸು ಸೈಕಲ್ ತುಳಿಯುತ್ತಿದ್ದ. ವೇಗ ಗಂಟೆಗೆ ಹದಿನೈದು ಕಿಲೋಮೀಟರ್ ಇದ್ದೀತು. ಆದರೆ ಬೆರಳು ಕಬ್ಬಿಣಕ್ಕೆ ಅಂಟುತ್ತಿತ್ತು, ಕಣ್ಣೀರು ಕೆನ್ನೆಯಲ್ಲೇ ಹೆಪ್ಪುಗಟ್ಟುತ್ತಿತ್ತು. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು.

ಅವನು ಪಕ್ಕಕ್ಕೇ ಬಂದ. ಕೈ ಚಾಚಿದ. ಸ್ವೆಟರಿನ ತೋಳು ಸಿಕ್ಕಿತು!

"ಗೋರೆಲ್, ದಯವಿಟ್ಟು! ಇದು ಪದ್ಧತಿ ಅಲ್ಲ!"

"ನಿಮ್ಮಮ್ಮ ಎಲ್ಲಿರೋದು ರೂನೆ?"

"ಏನು?"

"ನಿಮ್ಮಮ್ಮ! ಯಾವ ಬೀದಿ?"

"ಸಾಗ್‌ಗಾತನ್ ಬೀದಿ... ಯಾಕೆ?"

"ಹದಿನೈದು ನಿಮಿಷದಲ್ಲಿ ಅವಳ ಮನೆ ಮತ್ತೆ ತಣ್ಣಗಾಗುತ್ತೆ. ಸ್ಟಾಫನ್ ಮಾಡಿದ್ದು. ಹಾಳೆ ಈ ಕೈಯಲ್ಲಿದೆ. ಕಿತ್ಕೋ, ಕಿತ್ಕೊಂಡು ಹೋಗಿ ಅವಳಿಗೆ ಓದಿ ಹೇಳು!"

ಅವನು ಮತ್ತೆ ಯೋಚಿಸಿದ. ಈ ಸಲ ಸೈಕಲ್ ಮೇಲೆ. ಸೈಕಲ್ ಮೇಲೆ ಯೋಚಿಸಬಾರದು. ಮುಂದಿನ ಚಕ್ರ ಹೊರಳಿತು, ರೂನೆ ಹಿಮದ ರಾಶಿಯೊಳಗೆ ಸೊಂಟದವರೆಗೆ ಹೂತುಹೋದ. ನಾನು ತಿರುಗಿ ನೋಡಲಿಲ್ಲ.

ಸುಳ್ಳು. ನೋಡಿದೆ. ಖುಷಿಯಾಯಿತು.

*

ಎರಡು ಇಪ್ಪತ್ತಮೂರು. ಕಾಫಿ ಕೋಣೆಯ ಬಾಗಿಲನ್ನು ಭುಜದಿಂದ ತಳ್ಳಿದೆ.

ಶುಕ್ರವಾರದ ಕಾಫಿ. ಮೂವತ್ತು ಚಿಲ್ಲರೆ ಜನ, ನಿನ್ನೆ ಉಳಿದ ಕೇಸರಿ ಬನ್ನು. ಮೂಲೆಯ ಮೇಜಿನಲ್ಲಿ ಇಲ್ವಾ ಒಬ್ಬಳೇ. ಅವಳ ಮುಂದೆ ಲ್ಯಾಪ್‌ಟಾಪ್, ಪಕ್ಕದಲ್ಲಿ ರಾಜೀನಾಮೆಯ ಕಾಗದ, ಅದರ ಮೇಲೆ ಪೆನ್ನು. ಉಳಿದವರೆಲ್ಲ ಅವಳು ಕಾಣದ ಹಾಗೆ ಕುರ್ಚಿ ತಿರುಗಿಸಿಕೊಂಡಿದ್ದರು.

ಸ್ಟಾಫನ್‌ನ ಕೈಯಲ್ಲಿದ್ದ ಬನ್ನು ಬಾಯಿಗೆ ಹೋಗಲಿಲ್ಲ.

"ಗೋರೆಲ್! ಹಾಲ್‌ನಲ್ಲಿ ಅಲಾರಂ ಆಯ್ತಂತೆ. ಸದ್ಯ, ನೀನು..."

"ಹನ್ನೆರಡು ಮೂವತ್ತೆರಡಕ್ಕೆ ಮುದುಕನ ಮೇಲೆ ಎರಡು ಅಂತ ಹಾಕಿದ್ದು ನೀನಾ?"

ಅವನ ಮುಖ ನೋಡಿದೆ. ಅಂಕಿ ಒಳಗೆ ಇಳಿಯುವುದು ಕಂಡಿತು. ಐವತ್ತೊಂದನ್ನು ಮುಚ್ಚುವ ಗಡಿಬಿಡಿಯಲ್ಲಿ ಎರಡನ್ನು ಮರೆತಿದ್ದ! ಅವನ ಕಣ್ಣು ಗೋಡೆ ಗಡಿಯಾರಕ್ಕೆ ಹೋಯಿತು. ವಾಪಸ್ ಬಂತು.

"ವಾಪಸ್ ತಗೋ ಆ ಚೀಟಿನ!"

"ಹಳೇ ಎಪಿಐಗೆ ವಾಪಸ್ ಅನ್ನೋದು ಇಲ್ಲ," ಅಂದಳು ಇಲ್ವಾ ಮೂಲೆಯಿಂದ. "ನುಂಗಿದ್ರೆ ನುಂಗಿತು."

ಹಾಳೆಯನ್ನು ಅವಳ ಮೇಜಿನ ಮೇಲೆ ಹರಡಿದೆ. ಅವಳು ಎರಡು ಸಾಲು ಓದಿದಳು. ನನ್ನಷ್ಟು ಹೊತ್ತು ಬೇಕಾಗಲಿಲ್ಲ ಅವಳಿಗೆ. ಬಿಳಿಚಿಕೊಂಡಳು.

"ಗಂಟೆ... ಅಯ್ಯೋ ದೇವರೇ! ಪರೀಕ್ಷೆ ಮೆಷಿನ್‌ಗಳು ಹೇಳದೆ ಕೇಳದೆ ಮಾಯ ಆಗ್ತಿದ್ದದ್ದೂ ಇದಕ್ಕೇ!"

"ನಿನ್ನದನ್ನ ಓಡಿಸು. ಈಗ!"

ಅವಳು ಕೈ ಎತ್ತಿದಳು. ನಿಲ್ಲಿಸಿದಳು.

"ನಾನು ಮುಟ್ಟಿದ ಮೇಲೆ ಪಂಪು ನಿಂತ್ರೆ? ನಿನ್ನೆದೂ ನಾನೇ, ಇವತ್ತಿಂದೂ ನಾನೇ ಆಗ್ತೀನಿ. ರಾಜೀನಾಮೆ ಅಲ್ಲ, ಜೈಲೇ."

"ಮುಟ್ಟದಿದ್ರೂ ನಿಲ್ಲುತ್ತೆ."

"ಆಗ ಕೊನೇ ಪಕ್ಷ ಮುಟ್ಟಿದ್ದು ನಾನಲ್ಲ!"

ಸರಿಯಾಗಿಯೇ ಹೇಳಿದ್ದಳು. ಅವಳ ಜಾಗದಲ್ಲಿ ನಾನಾಗಿದ್ದರೆ ಕೋಟು ಹಾಕಿಕೊಂಡು ಹೊರಟುಬಿಡುತ್ತಿದ್ದೆ.

ಎರಡು ಇಪ್ಪತ್ತೇಳು.

ಸ್ಟಾಫನ್ ಗಂಟಲು ಸರಿಮಾಡಿಕೊಂಡ. "ನೋಡಿ, ಇಷ್ಟು ದೊಡ್ಡ ಬದಲಾವಣೆಗೆ ಒಂದು ಮೀಟಿಂಗ್ ಆಗಬೇಕು. ಎಲ್ಲರ ಅಭಿಪ್ರಾಯ ಕೇಳಬೇಕು. ನಮ್ಮ ಪದ್ಧತಿ..."

ಜನ ತಲೆ ಆಡಿಸಿದರು! ಆಣೆ ಮಾಡಿ ಹೇಳುತ್ತೇನೆ, ನಾಲ್ಕೈದು ತಲೆ ಆಡಿದವು!

ಆಗ ಮೈಬ್ರಿಟ್ ಕಾಫಿ ಕೆಟಲ್ ಕುಕ್ಕಿದಳು. ಅರವತ್ತರ ಹೆಂಗಸು. ಆ ಕೋಣೆಯಲ್ಲಿ ಎಲ್ಲರೂ ಹೆದರುವುದು ಅವಳೊಬ್ಬಳಿಗೇ.

"ನಮ್ಮಮ್ಮನಿಗೆ ಎಂಬತ್ತೊಂಬತ್ತು. ನಿನ್ನೆ ಓವನ್ ಬಾಗಿಲು ತೆಗೆದಿಟ್ಕೊಂಡು ಅದರ ಮುಂದೆ ಕೂತಿದ್ಲು. ಕೋಟು ಹಾಕ್ಕೊಂಡು, ಟೋಪಿ ಹಾಕ್ಕೊಂಡು. ನಾನಿಲ್ಲಿ ಇವನು ಹಾಡೋದು ಕೇಳ್ತಾ ನಿಂತಿದ್ದೆ." ಇಲ್ವಾಳ ಕಡೆ ತಿರುಗಿದಳು. "ನಿನ್ನೆ ಕಪ್ಪು ಎಣಿಸಿ ನಿನ್ನ ಹೆಸರು ಹೇಳಿದವಳು ನಾನೇ ಕಣೇ. ತಪ್ಪಾಯ್ತು. ಓಡಿಸು. ಯಾರಾದ್ರೂ ಕೇಳಿದ್ರೆ ಮೈಬ್ರಿಟ್ ಹೇಳಿದ್ಲು ಅನ್ನು."

ಇಲ್ವಾ ಅವಳನ್ನು ನೋಡಿದಳು. ಗಡಿಯಾರ ನೋಡಿದಳು. ಬೆರಳು ಕೀಲಿಮಣೆಗೆ ಇಳಿದವು.

ಎರಡು ಇಪ್ಪತ್ತೊಂಬತ್ತಕ್ಕೆ ತೆರೆಯ ಮೇಲೆ ಕೆಲಸ ಎಷ್ಟಾಯಿತು ಅಂತ ತೋರಿಸುವ ಪಟ್ಟಿ ನಿಧಾನಕ್ಕೆ ತುಂಬತೊಡಗಿತು.

ಎರಡು ಮೂವತ್ತಕ್ಕೆ ಪಟ್ಟಿ ಅರ್ಧಕ್ಕೆ ನಿಂತಿತು.

"ಏನಾಯ್ತು?"

"ಗೊತ್ತಿಲ್ಲ... ಗೊತ್ತಿಲ್ಲ! ಉಸಿರಾಡಬೇಡ!"

ಉಸಿರಾಡಲಿಲ್ಲ. ಇವತ್ತಿಗೆ ಅದು ಅಭ್ಯಾಸವಾಗಿತ್ತು.

ಪಟ್ಟಿ ಮತ್ತೆ ಸರಿಯಿತು. ತುಂಬಿತು. ಹಸಿರಾಯಿತು. ಎರಡು ಮೂವತ್ತೊಂದು. ನಾನು ಕಿಟಕಿಯ ಕೆಳಗಿನ ಬಿಸಿನೀರಿನ ಪೈಪಿನ ಮೇಲೆ ಕೈ ಇಟ್ಟೆ. ಬಿಸಿ ಇತ್ತು. ಮೈಬ್ರಿಟ್ ಬಂದು ಪಕ್ಕದಲ್ಲಿ ಅವಳ ಕೈಯನ್ನೂ ಇಟ್ಟಳು.

ಎರಡು ಮೂವತ್ತೆರಡು.

ಬಿಸಿ ಇತ್ತು.

ಎರಡು ಮೂವತ್ತಮೂರು. ಬಿಸಿಯೇ! ಪೈಪಿಗೆ ಒರಗಿ ನೆಲದ ಮೇಲೆ ಕೂತುಬಿಟ್ಟೆ.

ಆಗ ಒಂದು ಫೋನ್ ಟಿಂಗ್ ಅಂದಿತು.

ಸ್ಟಾಫನ್‌ನ ಸ್ವೆಟರ್ ಜೇಬಿನಲ್ಲಿ.

"ಓದು," ಅಂದಳು ಇಲ್ವಾ. ಅವನು ಓದಲಿಲ್ಲ. ಮೈಬ್ರಿಟ್ ಹೋಗಿ ಜೇಬಿಗೆ ಕೈ ಹಾಕಿ ತೆಗೆದಳು. ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದಳು.

"ನಿಮ್ಮ ಚೀಟಿ ಸ್ವೀಕರಿಸಿಲ್ಲ. 'ಎರಡು' ಎಂಬುದು ತಾರೀಕಲ್ಲ. ದಿನ, ತಿಂಗಳು, ವರ್ಷ ಬರೆಯಿರಿ. ಈ ಮೆಷಿನ್ ಕೆಲಸದಲ್ಲಿದೆ. ಅಳಿಸಲು ಎರಡನೆಯವರ ಒಪ್ಪಿಗೆ ಬೇಕು."

"ಚೀಟಿ ಕಳಿಸಿದವರ ವಿಳಾಸ ಪ್ರತಿ ಚೀಟಿಯ ಬೆನ್ನಿಗೂ ಇರುತ್ತೆ," ಅಂದಳು ಇಲ್ವಾ. "ಹಳೇದು ಅದನ್ನ ಎಲ್ಲೂ ತೋರಿಸ್ತಿರಲಿಲ್ಲ, ಉತ್ತರಾನೂ ಕೊಡ್ತಿರಲಿಲ್ಲ. ನನ್ನದು ಕೊಡುತ್ತೆ." ಇನ್ನೊಂದು ಕೀಲಿ ಒತ್ತಿದಳು. "ಹಳೇ ಚೀಟಿಗಳನ್ನೂ ಪರೀಕ್ಷೆಗೆ ಹಾಕ್ತೀನಿ. ಏನೂ ಅಳಿಸಲ್ಲ. ಬರೀ ಓದುತ್ತೆ."

ಟಿಂಗ್. ಮೈಬ್ರಿಟ್‌ಳ ಕೈಯಲ್ಲೇ. "ಮಂಗಳವಾರ, ಹನ್ನೊಂದೂವರೆ. 'ಐವತ್ತೊಂದು' ಎಂಬುದು ತಾರೀಕಲ್ಲ."

ಮೂವತ್ತು ಜೋಡಿ ಕಣ್ಣು ಸ್ಟಾಫನ್ ಕಡೆ ತಿರುಗಿದವು. ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ನಾನೂ ಅಂದುಕೊಂಡಿದ್ದೆ.

ಟಿಂಗ್! ಕಿಟಕಿಯ ಬಳಿಯ ಗಡ್ಡದವನದ್ದು. ಟಿಂಗ್! ಅವನ ಪಕ್ಕದವಳದ್ದು. ಟಿಂಗ್! ಟಿಂಗ್! ಆಮೇಲೆ ಇಡೀ ಕೋಣೆ! ಜೇಬುಗಳಲ್ಲಿ, ಮೇಜುಗಳ ಮೇಲೆ, ಬನ್ನಿನ ತಟ್ಟೆಯ ಅಡಿಯಲ್ಲಿ! ಇಪ್ಪತ್ತಮೂರು ತಾರೀಕಲ್ಲ. ಮೂವತ್ತೊಂಬತ್ತು ತಾರೀಕಲ್ಲ. ಏಳು ತಾರೀಕಲ್ಲ. ಪ್ರತಿಯೊಬ್ಬರೂ ವಾರದ ನಂಬರನ್ನೇ ಬರೆದಿದ್ದರು, ವರ್ಷಗಳಿಂದ! ಅವರು ಅಳಿಸಿದ್ದು ಪರೀಕ್ಷೆಯ ಮೆಷಿನ್‌ಗಳಾದ್ದರಿಂದ ಯಾರೂ ಚಳಿಗೆ ನಡುಗಲಿಲ್ಲ, ಅಷ್ಟೇ ವ್ಯತ್ಯಾಸ. ಟಿಂಗ್ ಅನ್ನದ ಫೋನ್ ಆ ಕೋಣೆಯಲ್ಲಿ ಒಂದೇ ಇತ್ತು. ಮೂಲೆಯ ಮೇಜಿನ ಮೇಲಿನದು.

ಜನ ಫೋನ್ ನೋಡಿದರು. ಬೂಟು ನೋಡಿದರು. ಸ್ಟಾಫನ್ ಬನ್ನನ್ನು ಮೆಲ್ಲಗೆ ತಟ್ಟೆಗೆ ವಾಪಸ್ ಇಟ್ಟು, ಕೋಟಿಲ್ಲದೆ ಹೊರಗೆ ಹೊರಟ. ಬಾಗಿಲಲ್ಲಿ ರೂನೆ ಹಿಮ ಕೊಡವುತ್ತಾ ನಿಂತಿದ್ದ. ಈ ಸಲ ಯಾರನ್ನೂ ಕೇಳದೆ ಸ್ಟಾಫನ್‌ನ ತೋಳು ಹಿಡಿದುಕೊಂಡ.

ಗಡ್ಡದವನು ಎದ್ದು ನಿಂತ. "ಇಲ್ವಾ, ನಾವೆಲ್ಲರೂ... ಅಂದ್ರೆ, ಇದರ ಬಗ್ಗೆ ಕೂತು ಮಾತಾಡೋಣ. ನೀನು ಇರಲೇಬೇಕು. ಸ್ಟಾಫನ್ ಜಾಗ ನೀನೇ ತಗೋ. ಎಲ್ಲರದ್ದೂ ಒಪ್ಪಿಗೆ ಇದೆ."

ಎಲ್ಲರೂ ತಲೆ ಆಡಿಸಿದರು. ಮೈಬ್ರಿಟ್ ಒಂದು ಕೇಸರಿ ಬನ್ನನ್ನು, ಎಲ್ಲಕ್ಕಿಂತ ದೊಡ್ಡದನ್ನು, ತಟ್ಟೆಯಲ್ಲಿಟ್ಟು ಅವಳ ಮುಂದೆ ಸರಿಸಿದಳು. ಕಾಫಿ ಸುರಿದಳು.

ಇಲ್ವಾ ಆ ಬನ್ನನ್ನು ನೋಡಿದಳು. ಅಳುತ್ತಾಳೇನೋ ಅಂದುಕೊಂಡೆ. ಅಳಲಿಲ್ಲ.

"ನಿನ್ನೆಯಿಂದ ಇಲ್ಲಿ ಕೂತಿದೀನಿ," ಅಂದಳು. "ಎಂಟು ವರ್ಷ ಜೊತೆಗೆ ಕೆಲಸ ಮಾಡಿದೀನಿ. ಒಬ್ಬರೂ ಬಂದು 'ನೀನಾ ಮಾಡಿದ್ದು?' ಅಂತ ಕೇಳಲಿಲ್ಲ. ಕೇಳಿದವಳು ಇವಳೊಬ್ಬಳು. ಇವಳು ಊರಿನವಳೂ ಅಲ್ಲ."

ಪೆನ್ನು ಎತ್ತಿಕೊಂಡಳು. ಕಾಗದಕ್ಕೆ ಸಹಿ ಹಾಕಿದಳು. ಕೆಳಗೆ ದಿನ, ತಿಂಗಳು, ವರ್ಷ ಬರೆದಳು.

"ಇಲ್ವಾ! ನೀನು ಹೋದ್ರೆ ಅದನ್ನ ನೋಡ್ಕೊಳ್ಳೋದು ಯಾರು?" ಗಡ್ಡದವನ ದನಿ ಕೀಚಲಾಗಿತ್ತು.

"ನಾನಿಲ್ಲದಿದ್ರೂ ನಿಮ್ಮ ಕೈಲಿ ತಪ್ಪು ಮಾಡಿಸಬಾರದು ಅಂತಲೇ ಅದನ್ನ ಬರೆದದ್ದು."

ಲ್ಯಾಪ್‌ಟಾಪ್ ಮುಚ್ಚಿದಳು. ಕೋಟು ಹಾಕಿಕೊಂಡಳು. ನನ್ನ ಭುಜ ಒಂದು ಸಲ ಒತ್ತಿ, ಹೊರಗೆ ಹೋದಳು. ಅವಳ ಕಾರು ಚಳಿಗೆ ಎರಡು ಸಲ ಕೆಮ್ಮಿ ಹೊರಟಿತು.

ಮೂಲೆಯ ಮೇಜಿನ ಮೇಲೆ ಆ ದೊಡ್ಡ ಬನ್ನು ಹಾಗೇ ಕೂತಿತ್ತು. ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ.

ಬೆಳಗಿನ ಅರ್ಧ ಬ್ರೆಡ್ಡು ಬಿಟ್ಟರೆ ನಾನು ಏನೂ ತಿಂದಿರಲಿಲ್ಲ... ಎಳೆದುಕೊಂಡು ತಿಂದೆ. ಚೆನ್ನಾಗಿತ್ತು.